ದಿಣ್ಣೆಯಿಂದ ತಗ್ಗಿಗೆ

ಟಾಂಗಾನಿಕಾದ ಅಮಾನಿ ಸಂಶೋಧನಾ ಕೇಂದ್ರದಲ್ಲಿದ್ದ ಮಣ್ಣುವಿಜ್ಞಾನಿ ಜೆಫ್ರಿ ಮಿಲ್ನ್‌ಗೆ ಎದುರಾದದ್ದು ವಿಚಿತ್ರ ತೊಡಕು. ಇಡೀ ಪೂರ್ವ ಆಫ್ರಿಕಾದ ಮಣ್ಣನ್ನು ನಕ್ಷೆಗಿಳಿಸಬೇಕು. ಆದರೆ ಅಲ್ಲಿ ನಾಲ್ಕು ಹೆಜ್ಜೆ ಇಳಿದರೆ ಮಣ್ಣೇ ಬೇರೆ. ದಿಣ್ಣೆಯ ಮೇಲೆ ಕೆಂಪು, ಇಳಿಜಾರಿನಲ್ಲಿ ಬೂದು ಮರಳು, ತಗ್ಗಿನಲ್ಲಿ ಬೇಸಿಗೆಗೆ ಬಿರಿಯುವ ಕಪ್ಪು ಜೇಡಿ. 1935ರಲ್ಲಿ ಆತ ಸೂಚಿಸಿದ ಪರಿಹಾರ ಇಂದಿಗೂ ನನಗೆ ಬೆರಗು: ಮಣ್ಣುಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಬದಲು, ಗುಡ್ಡದಿಂದ ಗುಡ್ಡಕ್ಕೆ ಮರುಕಳಿಸುವ ಆ ಸಾಲನ್ನೇ ಒಂದು ಘಟಕ ಮಾಡಿ, ‘ಕೆಟೀನಾ’ ಎಂದು ಕರೆದ. ಮರುವರ್ಷ ನಕ್ಷೆ ಅಚ್ಚಾಯಿತು.

ಇದರ ಸೊಗಸು ಇರುವುದು ನೀರಿನ ಲೆಕ್ಕದಲ್ಲಿ. ಮೇಲೆ ನೀರು ಬಸಿದುಹೋಗುತ್ತದೆ, ಕಬ್ಬಿಣ ಗಾಳಿಗೆ ಒಡ್ಡಿಕೊಂಡು ಕೆಂಪಾಗುತ್ತದೆ. ತೊಳೆದುಹೋದ ಸುಣ್ಣ, ಸಿಲಿಕಾ ಕೆಳಗೆ ತಂಗಿ, ಹಿಗ್ಗಿ ಕುಗ್ಗುವ ಜೇಡಿಯಾಗುತ್ತವೆ. ತಳದ ಬಂಡೆ ಒಂದೇ ಆಗಿದ್ದರೂ ಸರಿ. ನಮ್ಮ ಚಾಮರಾಜನಗರದ ಕಡೆಯೂ ಹಾಗೇ: ನೈಸ್ ಶಿಲೆಯ ದಿಣ್ಣೆಯಲ್ಲಿ ಕೆಂಪು ನೆಲ, ತಗ್ಗಿನಲ್ಲಿ ಎರೆ. ರೈತರಿಗೆ ಇದು ಹೊಸದಲ್ಲ, ಬಿಡಿ.

ಆದರೆ ಕೆಟೀನಾ ನಕ್ಷೆ ನಿಮ್ಮ ಹೊಲದ ಮಣ್ಣು ಯಾವುದೆಂದು ಹೇಳದು. ಅದಕ್ಕೆ ಇಳಿಜಾರಿನಲ್ಲಿ ನಿಮ್ಮ ಹೊಲ ಎಲ್ಲಿದೆ ಎಂದು ನೋಡಬೇಕು, ಆಮೇಲೆ ಗುಂಡಿ ತೋಡಬೇಕು.