ವಾಚಿಕಾಭಿನಯವೂ ಮೊರಿಶಿಗೆ ಹಿಸಾಯರೂ

ಮುಖವು ಕಾಣದೆ ಕಂಠವೊಂದೇ ಕೇಳಿಬರುವಲ್ಲಿ ಅದನ್ನು ಅಭಿನಯವೆಂದು ಕರೆಯಬಹುದೆ? ರೇಡಿಯೋ ನಾಟಕಗಳೂ, ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡುವ ಅನಿಮೇಷನ್ ಚಿತ್ರಗಳೂ ಬಂದಮೇಲೆ, ದೇಹವನ್ನು ಮರೆಯಲ್ಲಿಟ್ಟು ಧ್ವನಿಯನ್ನು ಮಾತ್ರ ನೀಡುವ ನಟವರ್ಗವೊಂದು ಲೋಕದಲ್ಲಿ ಬೆಳೆದಿರುವುದು. ಇವರನ್ನು ಅರೆನಟರೆಂದು ಹಗುರಾಗಿ ನುಡಿಯುವ ರಸಿಕರೂ ಇಲ್ಲದಿಲ್ಲ. ನೇತ್ರ, ಹಸ್ತ, ಗತಿ ಇವುಗಳನ್ನು ಕಳೆದುಕೊಂಡಮೇಲೆ ಉಳಿಯುವುದು ಪಠನವೇ ಹೊರತು ನಾಟ್ಯವಲ್ಲವೆಂಬುದು ಅವರ ಪೂರ್ವಪಕ್ಷ. ಇದನ್ನು ಪರೀಕ್ಷಿಸುವುದಕ್ಕೆ ಜಪಾನಿನ ಮೊರಿಶಿಗೆ ಹಿಸಾಯರ (1913–2009) ಕಲಾಜೀವನಕ್ಕಿಂತ ಉತ್ತಮವಾದ ನಿದರ್ಶನವು ನನಗೆ ತೋರದು. ರಂಗ, ಬೆಳ್ಳಿತೆರೆ, ರೇಡಿಯೋ, ಅನಿಮೇಷನ್ ಈ ನಾಲ್ಕರಲ್ಲಿಯೂ ಅವರು ಅಗ್ರಪಂಕ್ತಿಯಲ್ಲಿ ನಿಂತವರು. ಆದುದರಿಂದ ರಂಗದಲ್ಲಿ ನಿಲ್ಲಲಾರದವನು ಧ್ವನಿಯ ಮರೆಯನ್ನು ಹೊಕ್ಕನೆಂಬ ಆಕ್ಷೇಪಣೆಗೆ ಅವರ ವಿಷಯದಲ್ಲಿ ಅವಕಾಶವೇ ಇಲ್ಲ.

ಮೊದಲು ಒರೆಗಲ್ಲನ್ನು ಸಿದ್ಧಪಡಿಸಿಕೊಳ್ಳೋಣ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಭಾಗಿಸಿದ್ದರೂ, ವಾಕ್ಕನ್ನು ನಾಟ್ಯದ ಒಂದು ಅಂಗವೆಂದಷ್ಟೇ ಎಣಿಸದೆ ಅದರ ಶರೀರವೆಂದೇ ಹೇಳಿದ್ದಾನೆ. ಎದೆ, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳು, ಎರಡು ಬಗೆಯ ಕಾಕು, ಆರು ಅಲಂಕಾರಗಳು ಮೊದಲಾಗಿ ಪಾಠ್ಯಗುಣಗಳನ್ನು ವಿಸ್ತರಿಸಿ ಹೇಳಿರುವುದೂ ಈ ಕಾರಣದಿಂದಲೇ. ಮತ್ತೊಂದು ಮಾತೂ ಗಮನಾರ್ಹವಾಗಿದೆ. ಸ್ತಂಭ, ಸ್ವೇದ, ರೋಮಾಂಚಾದಿ ಅಷ್ಟ ಸಾತ್ತ್ವಿಕಭಾವಗಳಲ್ಲಿ ಸ್ವರಭೇದವೂ ಒಂದು. ಬೆವರನ್ನೂ ಕಂಬನಿಯನ್ನೂ ಕಣ್ಣು ಕಾಣಬೇಕು. ಒಡೆದ ಸ್ವರವಾದರೋ ಕತ್ತಲಲ್ಲಿ ಕುಳಿತವನ ಎದೆಯನ್ನೂ ಮುಟ್ಟುವುದು.

ಜಪಾನ್ ದೇಶದಲ್ಲಿ ಕಂಠವನ್ನೂ ಕಾಯವನ್ನೂ ಬೇರ್ಪಡಿಸಿ ಮತ್ತೆ ಕೂಡಿಸುವ ಕಲೆಯು ಹೊಸದಲ್ಲ. ಅಲ್ಲಿಯ ಬುನ್ರಾಕು ಗೊಂಬೆಯಾಟದಲ್ಲಿ ಪ್ರಧಾನ ಗೊಂಬೆಯೊಂದನ್ನು ಮೂವರು ಆಡಿಸುವರು. ಪಕ್ಕದ ಪೀಠದಲ್ಲಿ ಕುಳಿತ ತಾಯು ಎಂಬ ಗಾಯಕನು ಶಾಮಿಸೆನ್ ವಾದ್ಯದೊಡನೆ ಸ್ತ್ರೀ, ಪುರುಷ, ಬಾಲ, ವೃದ್ಧರೆಲ್ಲರ ಮಾತನ್ನೂ ಕಥಾನಿರೂಪಣೆಯನ್ನೂ ತಾನೇ ನಡೆಸುವನು. ಈ ಗಾನಪದ್ಧತಿಗೆ ತನ್ನ ಹೆಸರನ್ನಿತ್ತ ತಾಕೆಮೊಟೊ ಗಿದಾಯು 1684ರಲ್ಲಿ ಒಸಾಕ ನಗರದಲ್ಲಿ ತನ್ನ ರಂಗಶಾಲೆಯನ್ನು ತೆರೆದನು. ಮುಂದೆ ಮೂಕಚಿತ್ರಗಳು ಬಂದಾಗ ತೆರೆಯ ಪಕ್ಕದಲ್ಲಿ ನಿಂತು ಪಾತ್ರಗಳಿಗೆ ಮಾತು ಕೊಡುವ ಬೆನ್ಶಿ ಎಂಬವರು ಜನಪ್ರಿಯರಾದರು; ವಾಕ್ಚಿತ್ರಗಳು ಬಂದಮೇಲೆ ಅವರ ವೃತ್ತಿಯು ಅಳಿಯಿತು. ಮೊರಿಶಿಗೆಯವರು ಹುಟ್ಟಿದುದು ಗಿದಾಯುವಿನ ಒಸಾಕ ಪ್ರಾಂತದ ಹಿರಾಕಾಟದಲ್ಲಿ; ಬೆಳೆದುದು ಬೆನ್ಶಿಗಳ ಕಾಲದಲ್ಲಿ.

ವಾಸೆದ ವಿಶ್ವವಿದ್ಯಾಲಯದ ವ್ಯಾಸಂಗವನ್ನು ನಡುವೆಯೇ ಬಿಟ್ಟು ಅವರು ರಂಗಭೂಮಿಯನ್ನು ಸೇರಿದರು. 1939ರಲ್ಲಿ ರೇಡಿಯೋ ಉದ್ಘೋಷಕರ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಮಂಚೂರಿಯಕ್ಕೆ ತೆರಳಿದರು. ಅದು ಜಪಾನು ಬಲಾತ್ಕಾರದಿಂದ ಸ್ಥಾಪಿಸಿದ್ದ ರಾಜ್ಯ; ಅಲ್ಲಿಯ ರೇಡಿಯೋ ಆಳುವವರ ಬಾಯಿ. ಉದ್ಘೋಷಕನ ಕಂಠವು ತನ್ನದಾದರೂ ವಾಕ್ಯವು ಪರರದು, ಅದರ ಅಭಿಪ್ರಾಯವೂ ಪರರದು. 1945ರಲ್ಲಿ ಆ ರಾಜ್ಯವು ಕುಸಿದುದನ್ನು ಅಲ್ಲಿಯೇ ಇದ್ದು ಕಂಡು, ಮರುವರ್ಷ ಸ್ವದೇಶಕ್ಕೆ ಮರಳಿದರು. ನಟನೂ ಪರರ ಮಾತನ್ನೇ ಆಡುವನಲ್ಲವೆ ಎಂದು ಕೇಳಬಹುದು. ಆಡುವನು, ನಿಜ, ಆದರೆ ಉದ್ಘೋಷಕನು ಮಾತಿಗೆ ಧ್ವನಿಯನ್ನು ಮಾತ್ರ ಕೊಡುವನು, ನಟನು ಪ್ರಾಣವನ್ನೂ ಕೊಡುವನು. ಈ ಎರಡರ ಅಂತರವೇ ಮೊರಿಶಿಗೆಯವರ ಮುಂದಿನ ಅರವತ್ತು ವರ್ಷಗಳ ಸಾಧನೆ ಎಂದು ನಾನು ಭಾವಿಸುತ್ತೇನೆ.

ತೆರೆಯ ಮೇಲೆ ಅವರಿಗೆ ಸ್ಥಿರವಾದ ಕೀರ್ತಿಯನ್ನು ತಂದುದು ಟೊಯೋದ ಶಿರೋ ನಿರ್ದೇಶಿಸಿದ ‘ಮೆಓಟೊ ಜೆನ್ಜೈ’ (1955). ಒಸಾಕದ ಧನಿಕ ವರ್ತಕನ ಮಗನಾದ ರ್‍ಯೂಕಿಚಿಯು ಗೇಶಾ ವೃತ್ತಿಯ ಚೋಕೊಳೊಡನೆ ಮನೆಬಿಟ್ಟು ಹೋಗಿ, ಅವಳ ದುಡಿಮೆಯನ್ನು ತಿಂದು, ಅವಳನ್ನು ನೋಯಿಸಿ, ಮತ್ತೆ ಅವಳಲ್ಲಿಗೇ ಬರುವವನು. ಇಂತಹ ದುರ್ಬಲನನ್ನು ನಾವು ತಿರಸ್ಕರಿಸಬೇಕು, ಆದರೂ ತಿರಸ್ಕರಿಸಲಾರೆವು. ಕಾರಣವೇನೆಂದು ವಿಚಾರಿಸಿದರೆ, ಒಸಾಕದ ಆಡುನುಡಿಯಲ್ಲಿ ಅವನು ಚೋಕೊಳನ್ನು ಬೇಡುವ ರೀತಿಯೇ ಎಂದು ತಿಳಿಯುವುದು. ಅಲ್ಲಿ ಲಜ್ಜೆಯೂ ಸಲಿಗೆಯೂ ಒಂದೇ ಉಸಿರಿನಲ್ಲಿವೆ. ಜಪಾನೀ ಭಾಷೆಯನ್ನರಿಯದ ನೀನು ಇದನ್ನು ಹೇಗೆ ಬಲ್ಲೆ ಎಂದು ವಾಚಕರು ಆಕ್ಷೇಪಿಸಬಹುದು. ಕಾಕುವಿನ ಮಹಿಮೆಯೇ ಅದು: ಪದಾರ್ಥವು ತಿಳಿಯದಿದ್ದರೂ ಭಾವವು ತಿಳಿಯುವುದು.

ರಂಗದಲ್ಲಿ ಅವರ ಮಹಾಪಾತ್ರವು ‘ಫಿಡ್ಲರ್ ಆನ್ ದಿ ರೂಫ್’ ಎಂಬ ಗೀತನಾಟಕದ ಟೆವ್ಯೆ. 1967ರಲ್ಲಿ ಟೋಕಿಯೋ ನಗರದ ಇಂಪೀರಿಯಲ್ ನಾಟಕಶಾಲೆಯಲ್ಲಿ ಆರಂಭಿಸಿ 1986ರವರೆಗೆ ಒಂಬೈನೂರು ಸಲ ಅದನ್ನು ಆಡಿದರು. ರಷ್ಯಾದೇಶದ ಹಳ್ಳಿಯೊಂದರ ಬಡ ಯೆಹೂದಿ ಹಾಲುಮಾರುವವನಾದ ಟೆವ್ಯೆಯು ಹೆಜ್ಜೆಹೆಜ್ಜೆಗೂ ದೇವರೊಡನೆ ಮಾತಾಡುವನು, ದೇವರು ಮರುನುಡಿಯನು. ನಮ್ಮ ಭಾಣವೆಂಬ ರೂಪಕದಲ್ಲಿ ಒಬ್ಬನೇ ನಟನು ಕಾಣದವರ ಮಾತನ್ನು ಆಲಿಸಿದಂತೆ ಮಾಡಿ ಉತ್ತರಕೊಡುವ ಆಕಾಶಭಾಷಿತವನ್ನು ಇದು ನೆನಪಿಗೆ ತರುವುದು. ಎದುರಿಗಿಲ್ಲದವನನ್ನು ಮಾತಿನಿಂದಲೇ ನಿಲ್ಲಿಸಬೇಕಾದ ಪಾತ್ರವಿದು.

ಇದೇ ಶಕ್ತಿಯನ್ನು ಅವರು ರೇಡಿಯೋದಲ್ಲಿ ಅದಕ್ಕೂ ಮೊದಲೇ ಪಳಗಿಸಿದ್ದರು. 1957ರಲ್ಲಿ ಜಪಾನಿನ ರಾಷ್ಟ್ರೀಯ ರೇಡಿಯೋ ಸಂಸ್ಥೆಯು ಭಾನುವಾರದ ಕಥಾನಾಟಕವೊಂದನ್ನು ತೊಡಗಿತು. ಶ್ರೇಷ್ಠ ಕಥೆಕಾದಂಬರಿಗಳ ಸಕಲ ಪಾತ್ರಗಳನ್ನೂ ಮೊರಿಶಿಗೆ ಮತ್ತು ಕಾಟೋ ಮಿಚಿಕೋ ಎಂಬ ನಟಿ ಇಬ್ಬರೇ ನಿರ್ವಹಿಸುವರು. ಈ ಜೋಡಿಯ ಕಾರ್ಯಕ್ರಮವು ದಶಕಗಳವರೆಗೆ ನಡೆಯಿತು. ಮರುವರ್ಷ, 1958ರಲ್ಲಿ, ಜಪಾನಿನ ಮೊದಲನೆಯ ವರ್ಣಮಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾದ ‘ಹಕುಜಾದೆನ್’ ಬಂದಿತು. ಚೀನಾದೇಶದ ಶ್ವೇತಸರ್ಪಕನ್ಯೆಯ ಕಥೆಯಿದು. ಇಲ್ಲಿಯೂ ಎಲ್ಲ ಪಾತ್ರಗಳಿಗೆ ಕಂಠಗಳು ಎರಡೇ: ಮೊರಿಶಿಗೆಯವರದು ಮತ್ತು ಮಿಯಾಗಿ ಮಾರಿಕೋ ಅವರದು. ನಾಗಕನ್ಯೆಯನ್ನು ಪ್ರೀತಿಸುವ ತರುಣನೂ, ಆ ಪ್ರೀತಿಯನ್ನು ಮುರಿಯಲು ಬರುವ ಸಂನ್ಯಾಸಿಯೂ ಒಂದೇ ಕಂಠದಿಂದ ಹೊರಡುವರು. ಗಿದಾಯುವಿನ ಪೀಠವು ಹೊಸ ಯಂತ್ರದ ಪಕ್ಕಕ್ಕೆ ಬಂದು ಕುಳಿತಂತಾಯಿತು.

ಶಾಲಾವಿದ್ಯಾರ್ಥಿಯಾಗಿದ್ದಾಗ ಆ ಚಿತ್ರವನ್ನು ಕಂಡು ಮನಸೋತ ಮಿಯಾಜಾಕಿ ಹಯಾಓ ಮುಂದೆ ಜಗದ್ವಿಖ್ಯಾತ ನಿರ್ದೇಶಕರಾದರು. ಅವರು 1997ರಲ್ಲಿ ‘ಮೊನೊನೊಕೆ ಹಿಮೆ’ಯನ್ನು ರಚಿಸಿದಾಗ, ಒಕ್ಕೋತೋನುಶಿ ಎಂಬ ವೃದ್ಧ ವರಾಹದೇವನ ಕಂಠವಾಗಿ ಬಂದವರು ಎಂಬತ್ತನಾಲ್ಕರ ಮೊರಿಶಿಗೆ. ತನ್ನ ಕುಲವು ಪೀಳಿಗೆಯಿಂದ ಪೀಳಿಗೆಗೆ ಕುಗ್ಗಿ ಮಂದಬುದ್ಧಿಯಾಗುತ್ತಿರುವುದನ್ನು ಬಲ್ಲ ಈ ವರಾಹವು, ಸೋಲನ್ನು ಅರಿತೂ ಮನುಷ್ಯರ ಮೇಲೆ ಕೊನೆಯ ಯುದ್ಧಕ್ಕೆ ಹೊರಡುವುದು. ಅದು ಕುರುಡು, ಅದರ ಕಣ್ಣಿನಲ್ಲಿ ನೋಟವೇ ಇಲ್ಲ. ನೇತ್ರಾಭಿನಯವನ್ನು ಚಿತ್ರಕಾರನೂ ಕೊಡಲಾರನಾದುದರಿಂದ ಭಾರವೆಲ್ಲವೂ ಧ್ವನಿಯ ಮೇಲೆ ಬಿದ್ದಿದೆ. ಮೊದಲಲ್ಲಿ ಎದೆಯ ಆಳದಿಂದ ನಿಧಾನವಾಗಿ ಏಳುವ ರಾಜಗಾಂಭೀರ್ಯ. ಕೊನೆಯಲ್ಲಿ, ಸತ್ತ ವರಾಹಗಳ ತೊಗಲನ್ನು ಹೊದ್ದು ಬಂದ ಬೇಟೆಗಾರರನ್ನು ತನ್ನ ಯೋಧರೇ ಮರಳಿಬಂದರೆಂದು ಭ್ರಮಿಸಿ ಹಿಗ್ಗುವಾಗ ಅದೇ ಸ್ವರವು ಒಡೆಯುವುದು. ಸಂತೋಷದಿಂದ ಒಡೆದ ಆ ಸ್ವರವನ್ನು ಕೇಳಿ ನಾವು ಶೋಕಿಸುವೆವು. ಸ್ವರಭೇದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆಯನ್ನು ನಾನು ಕೇಳಿಲ್ಲ.

ದೋಷವನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಯಾದೀತು. 1956ರಿಂದ 1970ರವರೆಗೆ ಕಂಪೆನಿಯ ಅಧ್ಯಕ್ಷನೊಬ್ಬನನ್ನು ಕುರಿತು ಬಂದ ಹಾಸ್ಯಚಿತ್ರಮಾಲೆಯಲ್ಲಿ ಅವರು ನಟಿಸಿದ ಚಿತ್ರಗಳು ಮೂವತ್ತಕ್ಕೂ ಹೆಚ್ಚು. ಹೆಂಡತಿಗೆ ಅಂಜುತ್ತ ಅನ್ಯಸ್ತ್ರೀಯರತ್ತ ಕಣ್ಣುಹಾಯಿಸಿ ಪ್ರತಿಸಲವೂ ನಿರಾಶನಾಗುವ ಅಧ್ಯಕ್ಷನು ಮೊದಮೊದಲು ನಗಿಸುವನು. ಬರಬರುತ್ತ ಅಭ್ಯಾಸವು ಕಲೆಯ ಸ್ಥಾನವನ್ನು ಆಕ್ರಮಿಸಿದೆ. ಕುತೂಹಲದ ಸಂಗತಿಯೇನೆಂದರೆ, ಅಲ್ಲಿ ಅವರ ಮುಖ, ಉಡುಪು, ನಡಿಗೆಗಳೆಲ್ಲವೂ ಕಾಣುತ್ತಿದ್ದವು. ನಾಲ್ಕು ಅಭಿನಯಗಳೂ ಕೈಯಲ್ಲಿದ್ದಾಗ ದಣಿದಂತೆ ತೋರಿದ ನಟನು, ಒಂದೇ ಉಳಿದಾಗ ಪೂರ್ಣನಾಗಿ ಕಾಣಿಸಿದನು.

ಆದಕಾರಣ ಪೂರ್ವಪಕ್ಷವು ನಿಲ್ಲದು. ದೇಹವು ಮರೆಯಾದುದರಿಂದ ನಟನು ಅರೆಯಾಗುವುದಿಲ್ಲ. ಮಾತಿಗೆ ಪ್ರಾಣವನ್ನು ಕೊಡದಿದ್ದರೆ, ದೇಹವೆಲ್ಲ ಕಂಡರೂ ಅರೆಯೇ. ಮೊರಿಶಿಗೆಯವರಿಗೆ 1991ರಲ್ಲಿ ಜಪಾನಿನ ಸಂಸ್ಕೃತಿ ಪದಕವು ದೊರೆಯಿತು. 2009ರ ನವೆಂಬರಿನಲ್ಲಿ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಹೃದಯರು ಒಮ್ಮೆ ಕಣ್ಣುಮುಚ್ಚಿ ಆ ಕುರುಡು ವರಾಹದ ಮಾತನ್ನು ಆಲಿಸಲಿ. ವಾಕ್ಕನ್ನು ನಾಟ್ಯದ ಶರೀರವೆಂದ ಮುನಿಯ ಅಭಿಪ್ರಾಯವು ಆಗ ವ್ಯಾಖ್ಯಾನವಿಲ್ಲದೆಯೇ ತಿಳಿಯುವುದು.