ವೇದಿಕೆಗೆ ಯಾವ ಪಿಯಾನೋ?

ನಮ್ಮ ಚಚಡಿಯ ಕಡೆ ಕರಿ-ಬಿಳಿ ಮನೆಗಳಿರುವ ವಾದ್ಯಕ್ಕೆಲ್ಲ ಒಂದೇ ಹೆಸರು, ಪೇಟಿ. ಗಾಳಿ ಹಾಕಿ ನುಡಿಸಿದರೂ ಪೇಟಿ, ಕರೆಂಟಿನ ಮೇಲೆ ನುಡಿಸಿದರೂ ಪೇಟಿ. ತುಸು ಪ್ಯಾಟಿ ನೋಡಿದವರು ಎರಡನೆಯದಕ್ಕೆ ‘ಕ್ಯಾಸಿಯೋ’ ಅನ್ನುತ್ತಾರೆ, ಯಾವ ಕಂಪನಿಯದೇ ಇರಲಿ. ಹೆಸರು ಒಂದಾದರೆ ಅಡ್ಡಿಯಿಲ್ಲ. ಕೊಳ್ಳುವಾಗಲೂ ಎಲ್ಲ ಒಂದೇ ಎಂದುಕೊಂಡರೆ ಮಾತ್ರ ದುಡ್ಡು ಹೋಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೈಲಹೊಂಗಲ, ಧಾರವಾಡದ ಕಡೆ ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ಸಾಥ್ ಕೊಡುತ್ತಾಳೆ. ಸ್ವಂತಕ್ಕೊಂದು ಸ್ಟೇಜ್ ಪಿಯಾನೋ ಬೇಕೆಂದು ಎರಡು ವರ್ಷ ದುಡ್ಡು ಕೂಡಿಸಿದಳು. ಅವಳವ್ವ ಎಮ್ಮೆಯ ಹಾಲಿನ ಹಣ ಸೇರಿಸಿದಳು. “ಅಕ್ಕೋರ, ನೀವೂ ಬರ್ರಿ. ನಮ್ಮಣ್ಣ ಬರೇ ಲೈಟ್ ಎಷ್ಟ ಹತ್ತತಾವ ಅಂತ ನೋಡತಾನ” ಎಂದು ಕರೆದಳು. ಸಾಲಿಯ ಪ್ರಾರ್ಥನೆಗೆ ಇಪ್ಪತ್ತೈದು ವರ್ಷ ಪೇಟಿ ಬಾರಿಸಿದವಳು ನಾನು. ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳನ್ನು ಅವಳೊಡನೆ ಸುತ್ತಿದೆ. ಅಲ್ಲಿ ಮುಟ್ಟಿ ನೋಡಿದ್ದು, ಆಮೇಲೆ ಓದಿ ತಿಳಿದದ್ದು ಎರಡೂ ಕೂಡಿ ನನ್ನದೊಂದು ಅಭಿಪ್ರಾಯವಾಗಿದೆ.

ಮೊದಲು ವಾದ್ಯದ ಗುಣ ನೋಡೋಣ. 1700ರ ಸುಮಾರಿಗೆ ಇಟಲಿಯ ಬಾರ್ತೊಲೊಮೆಯೊ ಕ್ರಿಸ್ತೋಫೊರಿ ಎಂಬ ಕುಶಲಕರ್ಮಿ ತಂತಿಯನ್ನು ಪುಟ್ಟ ಸುತ್ತಿಗೆಯಿಂದ ಬಡಿಯುವ ವಾದ್ಯ ಮಾಡಿದ. ಅದರ ಪೂರ್ಣ ಹೆಸರು ಪಿಯಾನೋಫೋರ್ಟೆ, ಅಂದರೆ ಮೆಲ್ಲಗೆ ಮತ್ತು ಜೋರಾಗಿ. ಬೆರಳು ಹೇಗೆ ಬಿತ್ತೋ ಹಾಗೆ ದನಿ. ಡಿಜಿಟಲ್ ಪಿಯಾನೋದಲ್ಲಿ ತಂತಿಯಿಲ್ಲ, ಆದರೂ ಮನೆಗಳ ಕೆಳಗೆ ಭಾರವಿಟ್ಟು ಆ ಸುತ್ತಿಗೆಯ ಅನುಭವವನ್ನು ಬೆರಳಿಗೆ ಕೊಡುತ್ತಾರೆ. ಅಂಥ 88 ಮನೆಗಳು. ಮೆಲ್ಲಗೆ ಒತ್ತಿದರೆ ಪಿಸುಮಾತು, ಬಲವಾಗಿ ಒತ್ತಿದರೆ ಗುಡುಗು. ಪೇಟಿಯಲ್ಲಿ ಈ ಕೆಲಸ ತಿದಿಯದು. ಬೆರಳು ಎಷ್ಟೇ ಜೋರಾಗಿ ಒತ್ತಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಭಾವಗೀತೆಯ ಎರಡು ಸಾಲಿನ ನಡುವೆ ನಾಲ್ಕು ಸ್ವರ ಉದುರಿಸಿದಂತೆ ನುಡಿಸಬೇಕಾದರೆ ಪಿಯಾನೋಕ್ಕೆ ಸಾಟಿಯಿಲ್ಲ. ಇದನ್ನು ಒಪ್ಪಲೇಬೇಕು.

ಆದರೆ ಬಡಿದ ದನಿ ಬಡಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇವರ ಕಂಠದಲ್ಲಿ ವಚನ ಕೇಳಿ ಬೆಳೆದವರು ನಾವು. ನಮ್ಮ ಹಾಡುವವಳು ಒಂದು ಅಕ್ಷರವನ್ನು ಹಿಡಿದು ಎಂಟು ಮಾತ್ರೆ ಎಳೆದಳೆನ್ನಿ. ಪೇಟಿ ಅವಳ ಸಂಗಡ ಕೊನೆಯವರೆಗೆ ನಿಲ್ಲುತ್ತದೆ. ಪಿಯಾನೋ ಅರ್ಧ ದಾರಿಯಲ್ಲಿ ಬಿಟ್ಟು ಹೋಗುತ್ತದೆ; ಕರೆಯಲು ಮತ್ತೊಮ್ಮೆ ಬಡಿಯಬೇಕು. ಬಡಿದರೆ ಆಲಾಪದಲ್ಲಿ ಗಂಟು ಬಿದ್ದಂತೆ ಕೇಳಿಸುತ್ತದೆ. ಅಂಗಡಿಯವ ಕೂಡಲೇ ಒಂದು ಗುಂಡಿ ಒತ್ತಿ, “ಇದರಾಗ ಆರ್ಗನ್ ಐತ್ರಿ, ಎಷ್ಟ ಹೊತ್ತರ ಹಿಡೀರಿ” ಅಂದ. ನಿಜವೇ. ಆದರೆ ಆ ದನಿಯನ್ನೇ ನುಡಿಸುವುದಾದರೆ ಭಾರದ ಮನೆಗಳಿಗೆ ದುಡ್ಡು ಸುರಿಯುವುದೇಕೆ? ಆ ಭಾರದ ಮೇಲೆ ಚುರುಕು ತಾನು ನುಡಿಸಿ ನೋಡಿ, ಬೆರಳ ಸಂದು ನೋಯುತ್ತವೆ.

ಪೇಟಿಯೂ ಹೊರಗಿನಿಂದ ಬಂದದ್ದೇ. 1840ರಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಹಾರ್ಮೋನಿಯಂ ಹೆಸರಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ನಮ್ಮ ಕಂಪನಿ ನಾಟಕಗಳಲ್ಲಿ ಕಾಲಿನಿಂದ ಗಾಳಿ ಹಾಕುವ ಪೇಟಿ ರಂಗದ ಮುಂದೆ ಇರುತ್ತಿತ್ತು. ಎರಡೂ ಕೈ ಬಿಡುವು, ನಟ ಶ್ರುತಿ ತಪ್ಪಿದರೆ ಮಾಸ್ತರ ಹಿಡಿದು ಎತ್ತುತ್ತಿದ್ದರು. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು ನಮ್ಮ ಸವದತ್ತಿ ಸೀಮೆಯವರೇ. ಅವರ ಕಾಲದ ರಂಗಗೀತೆಗಳೆಲ್ಲ ಆ ಪೇಟಿಯ ಆಸರೆಯಲ್ಲಿ ಬೆಳೆದವು. ಅತ್ತ ಆಕಾಶವಾಣಿ 1940ರಲ್ಲಿ ಅದೇ ವಾದ್ಯವನ್ನು ಹೊರಗೆ ಹಾಕಿತು, 1971ರವರೆಗೆ ಬಾಗಿಲು ತೆರೆಯಲಿಲ್ಲ. ಅಪವಾದವೇನು? ಅದರ ಸ್ವರಗಳು ಕಟ್ಟಿಟ್ಟಂಥವು, ಮೀಂಡ ಬರುವುದಿಲ್ಲ. ಪಿಯಾನೋದ ಮೇಲೂ ಅದೇ ಅಪವಾದ ಹೊರಿಸಬಹುದು. ಸ್ವರ ಜಾರಿಸುವ ಗಾಲಿ ಕೆಲವು ಸ್ಟೇಜ್ ಪಿಯಾನೋಗಳಲ್ಲಿ ಇರುತ್ತದೆ, ಸಣ್ಣವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೇಳಿ ತಿಳಿದುಕೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ ಮಾತು. ಗಂಡಸರ ಕಂಠ ಸಾಮಾನ್ಯವಾಗಿ ಬಿಳಿ ಒಂದರಿಂದ ಕರಿ ಎರಡರೊಳಗೆ ಕೂಡುತ್ತದೆ. ಹೆಂಗಸರದು ಕರಿ ನಾಕು, ಕರಿ ಐದು. ಊರ ಭಜನೆಯಲ್ಲಿ ಪೇಟಿ ಹಿಡಿದವನಿಗೆ ಕೈ ಕೂತಿರುವುದು ಒಂದೇ ಪಟ್ಟಿಯ ಮೇಲೆ, ಅದೂ ತನ್ನ ಕಂಠದ್ದು. ಹೆಣ್ಣುಮಕ್ಕಳು ಕೆಳಗೆ ಇಳಿದು ಗೊಣಗಬೇಕು, ಇಲ್ಲವೇ ಮೇಲೆ ಹತ್ತಿ ಚೀರಬೇಕು. ಸಾಲಿಯ ಪ್ರಾರ್ಥನೆಯಲ್ಲಿ ಎಷ್ಟೋ ಹುಡುಗಿಯರು ತಮಗೆ ಹಾಡಲು ಬರುವುದಿಲ್ಲವೆಂದೇ ನಂಬಿ ಬಾಯಿ ಮುಚ್ಚಿದ್ದನ್ನು ನಾನು ಕಂಡಿದ್ದೇನೆ. ಅವರಿಗೆ ಬರದೇ ಇದ್ದದ್ದು ಹಾಡಲ್ಲ, ಆ ಪಟ್ಟಿ. ಪಳಗಿದ ಪೇಟಿಯವನು ಯಾವ ಪಟ್ಟಿಯಲ್ಲಾದರೂ ನುಡಿಸುತ್ತಾನೆ, ಒಪ್ಪಿದೆ. ಅಂಥವರು ಊರಿಗೆಷ್ಟು ಮಂದಿ? ಡಿಜಿಟಲ್ ವಾದ್ಯದಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿಯಿದೆ. ಕೈ ರೂಢಿಯ ಜಾಗದಲ್ಲೇ ಇರುತ್ತದೆ, ದನಿ ಹಾಡುವವಳ ಕಂಠಕ್ಕೆ ಬಂದು ಕೂಡುತ್ತದೆ. ಬಲ್ಲವರು ಇದನ್ನು ಸೋಮಾರಿಗಳ ಗುಂಡಿ ಎಂದು ನಗುತ್ತಾರೆ. ನಗಲಿ.

ಅವಳಣ್ಣನಿಗೆ ತಾಳ ಬಾರಿಸುವ, ನೂರಾರು ದನಿಗಳ ಕೀಬೋರ್ಡ್ ಮೇಲೆ ಮನಸ್ಸು. ಹುಡುಗಿ ಅಂದಳು: “ಯಣ್ಣಾ, ತಾಳ ಇದ ಬಾರಿಸಿದರ ತಬಲಾದಂವ ಏನ ಮಾಡಬೇಕೋ?” ಅಂಗಡಿಯಲ್ಲಿ ಆ ಹೊತ್ತು ಕೇಳಿದ ಒಳ್ಳೆಯ ವಿಮರ್ಶೆ ಅದೇ. ಹಾಡುವವಳು ತುಸು ನಿಂತರೆ ತಬಲಾದವನು ನಿಲ್ಲುತ್ತಾನೆ, ಯಂತ್ರ ನಿಲ್ಲುವುದಿಲ್ಲ.

ಹೊರುವ ಮಾತೂ ಬಂತು. 2019ರಲ್ಲಿ ಬಂದ ಯಮಹಾ ಸಿಪಿ88 ನಿಜವಾದ ರಂಗದ ವಾದ್ಯ. ದನಿ ಹೊರಗೆ ಕೊಡಲು ಮೈಕಿನ ವಾಯರಿನಂಥ ಮೂರು ಪಿನ್ನಿನ ಜಾಗವಿದೆ, ಉದ್ದ ವಾಯರ್ ಎಳೆದರೂ ಗುಂಯ್‌ಗುಡುವುದು ಕಡಿಮೆ. ಆದರೆ ತೂಕ 18.6 ಕಿಲೋ, ಸ್ವಂತ ಸ್ಪೀಕರ್ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಸ್ಸಿಳಿಯುವ ಹುಡುಗಿ ಅದನ್ನು ಹೊತ್ತು ನಡೆಯಬೇಕೇ? ಯಮಹಾ ಪಿ-45ರಂಥದು 11.5 ಕಿಲೋ, ಬೆಲೆಯೂ ಇಳಿದದ್ದು. ಆದರೆ ದನಿ ಹೊರಗೆ ಕೊಡಲು ಹೆಡ್‌ಫೋನಿನ ತೂತೊಂದೇ ಗತಿ. ಅದು ಮನೆಯಲ್ಲಿ ಕಲಿಯಲು ಸರಿ. ಅದೇ 2019ರ ಕ್ಯಾಸಿಯೋ ಪಿಎಕ್ಸ್-ಎಸ್1000 ಸುಮಾರು 11 ಕಿಲೋ, ಲೈನ್ ಔಟ್ ಉಂಟು, ಆರು ಪೆನ್ಸಿಲ್ ಸೆಲ್ಲುಗಳ ಮೇಲೂ ನಡೆಯುತ್ತದೆ. ಕರೆಂಟು ಹೋದಾಗ ಹಾಡು ನಿಲ್ಲದಿರುವುದು ನಮ್ಮ ಕಡೆ ಸಣ್ಣ ಗುಣವಲ್ಲ. ಅವಳು ಈ ಬಗೆಯ ಹಗುರಾದದ್ದನ್ನೇ ಆರಿಸಿದಳು, ವಚನಗಳಿಗೆ ಹಳೆಯ ಪೇಟಿಯನ್ನು ಉಳಿಸಿಕೊಂಡಳು. ನನಗೆ ಎರಡೂ ಸರಿ ಕಂಡವು. ಮೂರು ಪಿನ್ನಿನ ಜಾಗವಿಲ್ಲದ ವಾದ್ಯವಾದರೆ ಮೈಕ್ ಸೆಟ್ಟಿನವರ ಹತ್ತಿರ ಡಿಐ ಬಾಕ್ಸ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಅಂಗಡಿಗೆ ಹೋದಾಗ ಅವರು ಹಾಕುವ ಸಿದ್ಧ ಸಂಗೀತವನ್ನು ನಿಲ್ಲಿಸಲು ಹೇಳಿ. ಅದು ಸೀರೆ ಅಂಗಡಿಯ ಲೈಟಿನಂತೆ, ಎಲ್ಲವನ್ನೂ ಚೆಂದ ಕಾಣಿಸುತ್ತದೆ. ಒಂದೇ ಮನೆಯನ್ನು ಮೆಲ್ಲಗಿನಿಂದ ಜೋರಿನವರೆಗೆ ಹತ್ತು ಸಲ ಒತ್ತಿ, ದನಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೋ ನೀರಿನಂತೆ ಏರುತ್ತದೋ ಕೇಳಿ. ಕರಿ ನಾಕಕ್ಕೆ ಏರಿಸಿ ನೀವೇ ಎರಡು ಸಾಲು ಹಾಡಿ, ನಾಚಬೇಡಿ. ಕಾಲಿನ ಪೆಡಲ್ ಮರೆಯಬೇಡಿ. ಜೊತೆಗೆ ಪುಕ್ಕಟೆ ಬರುವ ಪ್ಲಾಸ್ಟಿಕ್ಕಿನದು ಸಭಾಗೃಹದ ನುಣುಪು ನೆಲದಲ್ಲಿ ಜಾರುತ್ತ ಜಾರುತ್ತ ಹಾಡಿನ ನಡುವೆ ಕಾಲಿಗೆ ಸಿಗದಂತಾಗುತ್ತದೆ. ಭಾರದ್ದೊಂದನ್ನು ಬೇರೆಯಾಗಿ ಕೊಳ್ಳಿ. ಅಲ್ಲಿಯತನಕ ಕೆಳಗೆ ಒದ್ದೆ ಗೋಣಿತಟ್ಟು ಹಾಸಿದರೂ ನಡೆಯುತ್ತದೆ.