ಕೈಪಿಡಿ ಇಲ್ಲದೆ ಕಂಡ ಫ್ಲಾರೆನ್ಸ್

ಇ. ಎಂ. ಫಾರ್ಸ್ಟರ್ ಎಂದೊಡನೆ ನಮಗೆ ನೆನಪಾಗುವುದು ‘ಎ ಪ್ಯಾಸೇಜ್ ಟು ಇಂಡಿಯಾ’. ಅದಕ್ಕೂ 16 ವರ್ಷ ಮೊದಲು, 1908ರಲ್ಲಿ, ಪ್ರಕಟವಾದ ಅವರ ‘ಎ ರೂಮ್ ವಿತ್ ಎ ವ್ಯೂ’ ಗಾತ್ರದಲ್ಲಿ ಚಿಕ್ಕದು, ಧಾಟಿಯಲ್ಲಿ ಹಗುರ. ಇಟಲಿಯ ಕಲಾವೈಭವವನ್ನು ನೋಡಲು ಹೊರಟ ಇಂಗ್ಲಿಷ್ ತರುಣಿಯೊಬ್ಬಳ ಪ್ರೇಮಕಥೆ ಅದು. ಆದರೆ ನಗಿಸುತ್ತಲೇ ಒಂದು ಪ್ರಶ್ನೆ ಕೇಳುತ್ತದೆ: ನಾವು ನೋಡುವುದು ನಮ್ಮ ಕಣ್ಣಿನಿಂದಲೋ, ಪರರ ಕಣ್ಣಿನಿಂದಲೋ?

ಲೂಸಿ ತನ್ನ ಹಿರಿಯ ಬಂಧು ಷಾರ್ಲಟ್‌ಳ ಕಾವಲಿನಲ್ಲಿ ಫ್ಲಾರೆನ್ಸಿಗೆ ಬಂದಿದ್ದಾಳೆ. ವಸತಿಗೃಹದಲ್ಲಿ ನದಿ ಕಾಣುವ ಕೋಣೆ ಸಿಗಲಿಲ್ಲ. ಪರಿಚಯವಿಲ್ಲದ ಮುದುಕ ಎಮರ್ಸನ್, ತನ್ನ ಮತ್ತು ಮಗ ಜಾರ್ಜನ ಕೋಣೆಗಳನ್ನು ಬಿಟ್ಟುಕೊಡಲು ಮುಂದಾಗುತ್ತಾನೆ. ಇಷ್ಟು ಸರಳ ಸೌಜನ್ಯಕ್ಕೆ ಆ ‘ಮರ್ಯಾದಸ್ಥ’ರೆಲ್ಲ ಬೆಚ್ಚಿಬೀಳುತ್ತಾರೆ!

ಕಾದಂಬರಿಯ ಜೀವ ಇರುವುದು ಸಾಂತಾ ಕ್ರೋಚೆ ಚರ್ಚಿನ ಪ್ರಸಂಗದಲ್ಲಿ. ಜೊತೆಗೆ ಬಂದ ಲೇಖಕಿಯೊಬ್ಬಳು ಲೂಸಿಯ ಬೇಡೆಕರ್ ಪ್ರವಾಸ ಕೈಪಿಡಿಯನ್ನು ತೆಗೆದುಕೊಂಡು ಮಾಯವಾಗುತ್ತಾಳೆ. ಯಾವ ಸಮಾಧಿ ಸುಂದರ, ಯಾವುದನ್ನು ರಸ್ಕಿನ್ ಮೆಚ್ಚಿದ್ದಾರೆ ಎಂದು ಹೇಳುವವರಿಲ್ಲ. ಪಾಪ, ಯಾವುದಕ್ಕೆ ಬೆರಗಾಗಬೇಕೆಂದೇ ಹುಡುಗಿಗೆ ತಿಳಿಯದು. ಸ್ವಲ್ಪ ಹೊತ್ತಿನಲ್ಲಿ ಉಗುಳಬಾರದು, ನಾಯಿ ತರಬಾರದು ಎಂಬ ಇಟಾಲಿಯನ್ ಫಲಕಗಳನ್ನು ಓದುತ್ತ, ಜನರನ್ನು ನೋಡುತ್ತ, ಅವಳಿಗೆ ಸಂತೋಷವಾಗತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದೊಳಗೆ ಕಂಡದ್ದನ್ನು ಬಿಟ್ಟು ಪಠ್ಯಪುಸ್ತಕದ ಚಿತ್ರವನ್ನೇ ರೆಕಾರ್ಡಿಗಿಳಿಸಿದ ನಮ್ಮಂಥ ಬಿ.ಎಸ್ಸಿ.ಗಳಿಗೆ ಇದು ಚೆನ್ನಾಗಿ ನಾಟುತ್ತದೆ. ಎಲ್.ಟಿ.ಸಿ. ಪಡೆದು ನಾಲ್ಕು ದಿನದಲ್ಲಿ ಹದಿನಾಲ್ಕು ಸ್ಥಳ ‘ಮುಗಿಸುವ’ವರಿಗೂ ಅಷ್ಟೇ.

ಫಾರ್ಸ್ಟರರ ಜಾಣ್ಮೆಯೆಂದರೆ, ಚಿತ್ರ ನೋಡುವ ಈ ಪ್ರಶ್ನೆಯನ್ನೇ ವರನ ಆಯ್ಕೆಗೂ ಒಡ್ಡಿರುವುದು. ಇಂಗ್ಲೆಂಡಿಗೆ ಮರಳಿದ ಲೂಸಿಗೆ ಸೆಸಿಲ್‌ನೊಡನೆ ನಿಶ್ಚಿತಾರ್ಥವಾಗುತ್ತದೆ. ಹಣವಂತ, ಓದಿದವ, ರಸಿಕ. ಆದರೆ ಅವನಿಗೆ ಲೂಸಿ ಲಿಯೊನಾರ್ಡೊ ಬರೆದ ಚಿತ್ರದಂತೆ ಕಾಣುತ್ತಾಳೆಯೇ ಹೊರತು ಮನುಷ್ಯಳಾಗಿ ಅಲ್ಲ. ಹಾಗೆಂದು ಅವನನ್ನು ಖಳನನ್ನಾಗಿಸಿಲ್ಲ. ಲೂಸಿ ಸಂಬಂಧ ಕಡಿದಾಗ ಅವನು ಘನತೆಯಿಂದಲೇ ಒಪ್ಪಿಕೊಳ್ಳುತ್ತಾನೆ. ಆ ಪುಟಗಳಲ್ಲಿ ಅವನ ಮೇಲೆ ಕನಿಕರ ಹುಟ್ಟದಿರದು.

ದೋಷಗಳೂ ಉಂಟು. ಜಾರ್ಜ್ ಮಾತಾಡುವುದೇ ಕಡಿಮೆ. ಕೊನೆಗೆ ಅವನ ಪ್ರೇಮವನ್ನು ಗೆಲ್ಲಿಸಿಕೊಡುವುದು ಅಪ್ಪನ ದೀರ್ಘ ಭಾಷಣ. ಇಟಲಿಯವರಂತೂ ಬರಿಯ ಹಿನ್ನೆಲೆ. ಚೌಕದಲ್ಲಿ ಇರಿತಕ್ಕೆ ಸಿಕ್ಕಿ ಸಾಯುವವನಿಗೆ ಹೆಸರೂ ಇಲ್ಲ. ಅವನ ಸಾವು ಇಬ್ಬರು ಇಂಗ್ಲಿಷರನ್ನು ಹತ್ತಿರ ತರಲು ಒದಗುತ್ತದೆ, ಅಷ್ಟೆ. ಆದರೂ ಗಾಡಿಯವನ ಪ್ರಸಂಗವನ್ನು ಮರೆಯಲಾಗದು. ಪಾದ್ರಿಗಳನ್ನು ಹುಡುಕುವ ಲೂಸಿ ತನ್ನ ಹರಕು ಇಟಾಲಿಯನ್ನಿನಲ್ಲಿ ‘ಒಳ್ಳೆಯ ಗಂಡಸರು ಎಲ್ಲಿ?’ ಎನ್ನುತ್ತಾಳೆ, ಅವನು ನೇರವಾಗಿ ಜಾರ್ಜನ ಬಳಿಗೆ ಒಯ್ಯುತ್ತಾನೆ! ಪರಭಾಷೆಯ ಊರಿನಲ್ಲಿ ಸಂಸಾರ ಹೂಡಿರುವ ನಮಗೆ ಈ ನಗೆಯ ರುಚಿ ಹೆಚ್ಚು.

ಮುಂಬಯಿಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚೆಂಟ್ 1985ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ನಿರ್ದೇಶನ ಜೇಮ್ಸ್ ಐವರಿ ಅವರದು. ಬಹುಕಾಲ ದೆಹಲಿಯಲ್ಲಿದ್ದ ರೂತ್ ಪ್ರವರ್ ಝಾಬ್ವಾಲಾ ಚಿತ್ರಕಥೆಗಾಗಿ ಆಸ್ಕರ್ ಪಡೆದರು. ಚಿತ್ರ ಸೊಗಸಾಗಿದೆ, ಆದರೂ ಪುಸ್ತಕವನ್ನು ಮೊದಲು ಓದುವುದು ಮೇಲು.

ಸಂಬಂಧ ನೋಡುವಾಗ ಜಾತಕ, ಡಿಗ್ರಿ, ಸಂಬಳ ಎಂಬ ಕೈಪಿಡಿಯನ್ನು ನಾವೂ ತಿರುವಿಹಾಕುತ್ತೇವೆ. ಅದು ಬೇಡವೆಂದಲ್ಲ. ಪುಟ ಮುಚ್ಚಿದ ಮೇಲೆ, ಎದುರಿಗೆ ಕುಳಿತಿರುವವರನ್ನೂ ಒಮ್ಮೆ ನೋಡಿದರೆ ಒಳ್ಳೆಯದು.